ಪೂರ್ವದ ಕಿಟಕಿಯ ಚೀಟಿ

ಆ ಶನಿವಾರ ಮಧ್ಯಾಹ್ನ ಎರಡೂವರೆಯ ಬೆಳಕಿನಲ್ಲಿ ನಮ್ಮ ಪೂರ್ವದ ಕಿಟಕಿ ಹೀಗಿತ್ತು. ಬಿಸಿಲು ಅದನ್ನು ಬಿಟ್ಟು ಮನೆಯ ಹಿಂದಕ್ಕೆ ಹೋಗಿಬಿಟ್ಟಿತ್ತು. ಬಿಟ್ಟುಹೋದವರ ಬಗ್ಗೆ ಯಾವ ದೂರೂ ಇಲ್ಲದ ತಿಳಿಬೆಳಕೊಂದು ಗಾಜಿನಲ್ಲಿ ನಿಂತಿತ್ತು. ಎರಡು ಕದಗಳಲ್ಲಿ ಎಡಗಡೆಯದು ಮುಚ್ಚಿತ್ತು. ಬಲಗಡೆಯದು ಮೇಲಿನ ಕೀಲು ಕಳಚಿ, ಕೆಳಗಿನ ಕೀಲೊಂದನ್ನೇ ನೆಚ್ಚಿಕೊಂಡು, ಕೂತಲ್ಲೇ ನಿದ್ದೆಗೆ ಜಾರಿದವರ ತಲೆಯಂತೆ ಒಂದು ಕಡೆಗೆ ವಾಲಿತ್ತು. ಚಿಲಕವಿದ್ದ ಜಾಗದಲ್ಲಿ ಬಣ್ಣ ತಾಗದ, ಚಿಲಕದಷ್ಟೇ ಉದ್ದದ ಒಂದು ಬಿಳಿಯ ಗುರುತು. ಅದರ ಎರಡು ತುದಿಗೂ ಎರಡೆರಡು ತೂತು. ಕಿಟಕಿಯ ಕಟ್ಟೆಯ ಮೇಲೆ ಕಂದು ಕಾಗದದ ಚೀಟಿಗಳು ಸಾಲಾಗಿದ್ದವು. ಹಾರಿಹೋಗದಿರಲೆಂದು ಒಂದೊಂದರ ಮೇಲೂ ಒಂದೊಂದು ತುಕ್ಕು ಹಿಡಿದ ಸ್ಕ್ರೂ. ಕೊನೆಯ ಚೀಟಿಯ ಮೇಲೆ ಮಾತ್ರ ಸ್ಕ್ರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಒಳಕೋಣೆಯಲ್ಲಿ ಮಲಗಿದ್ದ ನನ್ನ ಹೆಂಡತಿಯ ಉಸಿರಾಟ ಬಿಟ್ಟರೆ ಲೋಕದಲ್ಲಿ ಬೇರೆ ಯಾವ ಚಲನೆಯೂ ಇದ್ದಂತಿರಲಿಲ್ಲ. ಈ ಚಿತ್ರದ ನಡುವೆ, ಬಲಗೈ ಹೆಬ್ಬೆರಳಿಗೆ ತಲೆದಿಂಬಿನಷ್ಟು ಬಟ್ಟೆ ಸುತ್ತಿಕೊಂಡು, ಸ್ಟೂಲಿನ ಮೇಲೆ ನಾನು ನಿಂತಿದ್ದೆ.

ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಕರಡಚ್ಚು ತಿದ್ದಿ ನಿವೃತ್ತನಾದವನು ನಾನು. ಬೀದಿಯಲ್ಲಿ ನನ್ನನ್ನು ‘ಕರಡು ಸಾರ್’ ಎನ್ನುತ್ತಾರೆ. ಬೇರೆಯವರ ತಪ್ಪು ಹುಡುಕಿಯೇ ಅನ್ನ ತಿಂದವನಿಗೆ ತನ್ನ ಕೈಯಿಂದ ತಪ್ಪಾದೀತು ಎಂಬ ಅನುಮಾನ ಸುಲಭವಾಗಿ ಬರುವುದಿಲ್ಲ. ನಮ್ಮ ಮನೆಯ ಆರು ಕಿಟಕಿಗಳ ಕೀಲು, ಚಿಲಕ, ಕೊಕ್ಕೆಗಳೆಲ್ಲ ಸವೆದು, ಗಾಳಿ ಬೀಸಿದರೆ ಇಡೀ ಮನೆ ಹಲ್ಲು ಕಡಿಯತೊಡಗಿದಾಗ ನನ್ನ ಹೆಂಡತಿ ಎಡಗೈ ಮೇಸ್ತ್ರಿಯನ್ನು ಕರೆಸಿದಳು. ಬೀದಿಯ ಮರಗೆಲಸವೆಲ್ಲ ಅವನದೇ. ಉಳಿಯಾಗಲಿ ಪೆನ್ಸಿಲಾಗಲಿ ಅವನು ಹಿಡಿಯುವುದು ಎಡಗೈಯಲ್ಲಿ. ಅವನ ಸೊಂಟದ ದಾರದಲ್ಲಿ ನಾಲ್ಕು ಮನೆಗಳ ಬೀಗದ ಕೈ ಯಾವಾಗಲೂ ತೂಗಾಡುತ್ತಿದ್ದವು. ಮನೆಯವರು ಕೆಲಸಕ್ಕೆ ಹೋದಮೇಲೆ ಅವನು ಬೀಗ ತೆಗೆದು ಒಳಹೋಗಿ, ಕಪಾಟಿನ ಬಾಗಿಲೋ ಮಂಚದ ಕಾಲೋ ಸರಿಮಾಡಿ, ಹೊಟ್ಟು ಗುಡಿಸಿ, ಬೀಗ ಹಾಕಿ ಹೋಗುತ್ತಿದ್ದ. ಅವನ ಜೀವನ ನಡೆಯುತ್ತಿದ್ದುದು ಉಳಿಯಿಂದಲ್ಲ, ಆ ದಾರದಿಂದ.

ಅವನು ಪೂರ್ವದ ಕಿಟಕಿಯ ಚಿಲಕವನ್ನು ಎಡಗೈಯ ಒಂದು ಬೆರಳಿನಿಂದ ಮೀಟಿದ. ಅದು ಸೋತವರ ಹಾಗೆ ಕೆಳಗಿಳಿಯಿತು.

“ಇದು ಇದ್ರೂ ಒಂದೇ ಇಲ್ದಿದ್ರೂ ಒಂದೇ ಸಾರ್. ನಾನು ಹೊರಗಡೆ ನಿಂತು ಒಂದು ಬೆರಳಲ್ಲಿ ತೆಗೀತೀನಿ. ಸರಳು ಬೇರೆ ಇಲ್ಲ. ಎಲ್ಲ ಬದಲಾಯಿಸಬೇಕು. ಮೂರು ದಿನದ ಕೆಲಸ.”

ಆ ಹೊತ್ತಿಗೆ ನನ್ನ ಭಾಮೈದ ಅಲ್ಲಿದ್ದುದು ನನ್ನ ದುರದೃಷ್ಟ. ಅವನು ಕಾರ್ಖಾನೆಯೊಂದರಲ್ಲಿ ಸುರಕ್ಷತೆಯ ಅಧಿಕಾರಿ. ಜನರನ್ನು ಹೆದರಿಸುವುದಕ್ಕೆ ಅವನಿಗೆ ಸಂಬಳ ಕೊಡುತ್ತಾರೆ.

“ಮಾಡಿಸಿಬಿಡು ಅಕ್ಕ,” ಎಂದ. “ಭಾವನ ಕೈಲಿ ಇದೆಲ್ಲ ಆಗೋದಲ್ಲ. ಅವರ ಕೈಗೆ ಪೆನ್ನೇ ಸರಿ, ಅದೂ ಕ್ಯಾಪ್ ಹಾಕಿದ್ದು.”

“ನಾಲ್ಕು ಸ್ಕ್ರೂ ತಿರುಗಿಸೋದಕ್ಕೆ ಮೂರು ದಿನ ಬೇಕಾ?” ಎಂದೆ ನಾನು. “ಮೇಸ್ತ್ರಿ, ನೀವು ಹೊರಡಿ. ಇದನ್ನ ನಾನೇ ಮಾಡ್ತೀನಿ.”

ಮೇಸ್ತ್ರಿ ಬೇಸರಪಡಲಿಲ್ಲ. ಹೊಸ್ತಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ ಹೇಳಿದ: “ನಿಮ್ಮಿಷ್ಟ ಸಾರ್. ಹಳೇ ತೂತಿಗೆ ಹೊಸ ಸ್ಕ್ರೂ ನಿಲ್ಲಲ್ಲ. ಅಷ್ಟು ನೆನಪಿಟ್ಕೊಳ್ಳಿ.”

ಮೊದಲ ದಿನವೇ ಸ್ಕ್ರೂ ಡ್ರೈವರ್ ಜಾರಿ ನನ್ನ ಬಲಗೈ ಹೆಬ್ಬೆರಳನ್ನು ಹೊಕ್ಕಿತು. ಟಿಂಕ್ಚರ್ ಹಚ್ಚಿ ಬಟ್ಟೆ ಸುತ್ತಿದೆ. ಕೆಲಸ ನಿಲ್ಲಿಸಲಿಲ್ಲ. ಆದರೆ ಕರಡು ತಿದ್ದಿದವನು ಯಾವುದನ್ನೂ ಬರೆದಿಡದೆ ಬಿಡಲಾರ. ಯಾವ ಕಿಟಕಿಯಿಂದ ಏನು ಬಿಚ್ಚಿದೆ, ಏನು ಬಾಕಿಯಿದೆ ಎಂದು ಅಂಗಡಿಯ ಕಂದು ಕಾಗದವನ್ನು ಚೀಟಿಗಳಾಗಿ ಕತ್ತರಿಸಿ, ಎಡಗೈಯಲ್ಲಿ ಗೀಚಿ ಗೀಚಿ ಇಟ್ಟೆ. ಹೆಂಡತಿಗೆ ಸುತ್ತಿಗೆಯ ಸದ್ದು ಆಗದಾದ್ದರಿಂದ ಸದ್ದಿನ ಕೆಲಸವನ್ನೆಲ್ಲ ಅವಳು ಕಣ್ಣುಮುಚ್ಚಿ ಗಾಢ ನಿದ್ದೆಗೆ ಹೋದಮೇಲೆ ಮಾಡುತ್ತಿದ್ದೆ. ಹಳೆಯ ತೂತಿಗೆ ಹೊಸ ಸ್ಕ್ರೂ ನಿಲ್ಲುವುದಿಲ್ಲವೆಂಬ ಮಾತು ನಿಜವಾಗಿತ್ತು. ಅದಕ್ಕೂ ಉಪಾಯ ಕಂಡುಹಿಡಿದೆ. ಆ ಉಪಾಯ ಏನೆಂಬುದು ಮುಂದೆ ಪೊಲೀಸರ ಸಮ್ಮುಖದಲ್ಲಿ ಹೊರಬೀಳಲಿದೆ.

ಶನಿವಾರ ಸಂಜೆಗೆ ಪೂರ್ವದ ಕಿಟಕಿಯೂ ಮುಗಿಯಿತು. ಭಾನುವಾರದಿಂದ ಗುರುವಾರದವರೆಗೆ, ಕೇಳಿದವರಿಗೂ ಕೇಳದವರಿಗೂ, ಆರು ಕಿಟಕಿಗಳನ್ನು ನಾನೊಬ್ಬನೇ ಹೊಸದು ಮಾಡಿದ ಕಥೆ ಹೇಳಿದೆ.

ಶುಕ್ರವಾರ ಬೆಳಗ್ಗೆ ಮಹಡಿಯ ಮನೆಯ ಟೀಚರಮ್ಮ ಕೆಳಗಿಳಿದು ಬಂದರು. ಮೂವತ್ತು ವರ್ಷ ಮಕ್ಕಳಿಗೆ ಉಕ್ತಲೇಖನ ಹೇಳಿ ಬರೆಸಿದವರು ಅವರು. ಪ್ರತಿ ವಾಕ್ಯವನ್ನೂ ಎರಡು ಸಲ ಓದುವುದು ಅವರಿಗೆ ಉಸಿರಿನಷ್ಟೇ ಸಹಜವಾಗಿಬಿಟ್ಟಿತ್ತು. ಅವರ ಕೈಯಲ್ಲಿ ಒಂದು ಕಂದು ಚೀಟಿಯಿತ್ತು.

“ಕರಡು ಸಾರ್, ಕೂತ್ಕೊಳ್ಳಿ. ಅಕ್ಕಾವ್ರೇ, ನೀವೂ ಕೂತ್ಕೊಳ್ಳಿ. ಇದು ನಿಮ್ಮ ಪೂರ್ವದ ಕಿಟಕಿ ಕೆಳಗೆ ನನ್ನ ಹೂಕುಂಡದಲ್ಲಿ ಸಿಕ್ತು. ಓದ್ತೀನಿ.”

ಓದಿದರು.

“ಶನಿವಾರ. ಶನಿವಾರ. ಪೂರ್ವದ ಕಿಟಕಿ, ಮೇಲಿನ ಚಿಲಕ ತೆಗೆದಾಯಿತು. ಮೇಲಿನ ಚಿಲಕ ತೆಗೆದಾಯಿತು. ಕೆಳಗಿನದು ಒಂದೇ ಏಟಿಗೆ ಬರುತ್ತದೆ. ಒಂದೇ ಏಟಿಗೆ ಬರುತ್ತದೆ. ಸದ್ದಾಗಬಾರದು. ಸದ್ದಾಗಬಾರದು.” ಇಲ್ಲಿ ಅವರ ದನಿ ಇಳಿಯಿತು. “ಅವಳು ಮಲಗಿದ ಮೇಲೆ ಉಳಿದದ್ದನ್ನು ಮುಗಿಸುವುದು.”

ಈ ಕೊನೆಯ ವಾಕ್ಯವನ್ನು ಎರಡನೆಯ ಸಲ ಓದಲು ಅವರಿಂದಾಗಲಿಲ್ಲ.

“ಅವಳು ಅಂದ್ರೆ ನಾನು,” ಎಂದಳು ನನ್ನ ಹೆಂಡತಿ.

“ಶನಿವಾರ ಅಂದ್ರೆ ನಾಳೆ,” ಎಂದರು ಟೀಚರಮ್ಮ.

ಸತ್ಯವಾಗಿ ಹೇಳುತ್ತೇನೆ: ಆ ಕ್ಷಣದಲ್ಲಿ ಇಡೀ ಬೀದಿಯಲ್ಲಿ ನನ್ನಷ್ಟು ಹೆದರಿದವನು ಇನ್ನೊಬ್ಬನಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಚೀಟಿ ಬರೆದು ಮರೆತವನಿಗೆ, ಇನ್ನೊಬ್ಬರ ಗಂಟಲಿನಿಂದ ಹೊರಬಂದ ಆ ಮಾತುಗಳು ಯಾವುದೋ ಕತ್ತಲೆಯಿಂದ ಬಂದ ಹಾಗೆ ಕೇಳಿದವು. ನನ್ನ ಕನ್ನಡಕ ಒಳಗಿತ್ತು. ಮೂವರೂ ಒಬ್ಬರ ಸೆರಗನ್ನೂ ತೋಳನ್ನೂ ಒಬ್ಬರು ಹಿಡಿದುಕೊಂಡು ಪೂರ್ವದ ಕಿಟಕಿಯ ಬಳಿಗೆ ಹೋದೆವು. ಹೊಸ ಚಿಲಕ ಒಂದೇ ಒಂದು ಸ್ಕ್ರೂವಿನಲ್ಲಿ ತಲೆಕೆಳಗಾಗಿ ತೂಗುತ್ತಿತ್ತು. ಉಳಿದ ಮೂರು ಕಟ್ಟೆಯ ಮೇಲೆ ಉದುರಿದ್ದವು.

“ಶುರು ಮಾಡಿಬಿಟ್ಟಿದಾನೆ,” ಎಂದರು ಟೀಚರಮ್ಮ ಪಿಸುದನಿಯಲ್ಲಿ.

ಹೆಂಡತಿ ಬಟ್ಟೆಯ ಚೀಲ ಕಟ್ಟತೊಡಗಿದಳು. ಭಾಮೈದನಿಗೆ ಫೋನ್ ಹೋಯಿತು. ಅವನು ಕಾರ್ಖಾನೆಯ ಹಳದಿ ಶಿರಸ್ತ್ರಾಣವನ್ನೂ ತೆಗೆಯದೆ ಓಡಿಬಂದ. ಜೊತೆಯಲ್ಲೇ ಠಾಣೆಯ ದಫೇದಾರನನ್ನೂ ಕರೆತಂದಿದ್ದ. ದಫೇದಾರ ನಿಧಾನದ ಮನುಷ್ಯ, ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ನಂಬುವವನು.

“ಯಜಮಾನ್ರೇ, ಈ ಕಿಟಕಿ ಕೊನೇ ಸಲ ಯಾವಾಗ ಭದ್ರವಾಗಿತ್ತು?”

“ಕಳೆದ ಶನಿವಾರ. ನಾನೇ ಎಲ್ಲ ಹೊಸದಾಗಿ ಹಾಕಿದೀನಿ. ಕಲ್ಲಿನ ಹಾಗೆ ಕೂತಿತ್ತು.”

“ಕಲ್ಲಿನ ಹಾಗೆ,” ಎಂದು ಬರೆದುಕೊಂಡ. “ಅಂದ್ರೆ ಬಿಚ್ಚಿದವನು ಪಳಗಿದ ಕೈ.”

ಈ ಹೊಗಳಿಕೆ ಯಾರಿಗೆ ಸಲ್ಲುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ.

ದಫೇದಾರ ಚೀಟಿಯನ್ನು ಬೆಳಕಿಗೆ ಹಿಡಿದ. ನಾನು ಕನ್ನಡಕ ಹಾಕಿಕೊಂಡು ಬಂದು ಅವನ ಹೆಗಲಿನ ಮೇಲಿಂದ ಬಗ್ಗಿ ನೋಡಿದೆ. ಅಕ್ಷರಗಳು ಗಾಯಗೊಂಡ ಇರುವೆಗಳಂತೆ ತೆವಳುತ್ತಿದ್ದವು. ಆದರೂ ಕಳ್ಳನೊಬ್ಬ ಅಲ್ಪವಿರಾಮವನ್ನು ಸರಿಯಾದ ಜಾಗದಲ್ಲಿ ಬಳಸಿರುವುದನ್ನು ಕಂಡು ನನಗೆ ಅವನ ಮೇಲೆ ಸ್ವಲ್ಪ ಗೌರವ ಹುಟ್ಟಿತು. ಆಮೇಲೆ ಚೀಟಿಯ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಅಗಲದ ಟಿಂಕ್ಚರಿನ ಕಲೆ ಕಂಡಿತು. ನನ್ನ ಹೆಬ್ಬೆರಳನ್ನು ನೋಡಿಕೊಂಡೆ. ಗೌರವ ಹೋಯಿತು. ಭಯ ಹೋಗಲಿಲ್ಲ, ಎದೆಯೊಳಗೆ ಮಗ್ಗುಲು ಬದಲಿಸಿ ಇನ್ನೂ ಆರಾಮವಾಗಿ ಕೂತಿತು.

“ನೀರು ತರ್ತೀನಿ,” ಎಂದು ಹೇಳಿ ಒಳಗೆ ಹೋದೆ. ಸ್ಕ್ರೂ ಡಬ್ಬಿಯಲ್ಲಿ ಉಳಿದಿದ್ದ ಚೀಟಿಗಳನ್ನೆಲ್ಲ ಬಕೆಟ್ಟಿನಲ್ಲಿ ಅದ್ದಿ, ಕಿವುಚಿ, ಮುದ್ದೆ ಮಾಡಿ, ಮೋರಿಗೆ ಬಿಟ್ಟೆ. ನೀರು ತರುವುದನ್ನು ಮರೆತು ಬರಿಗೈಯಲ್ಲಿ ಹೊರಬಂದೆ. ಅಷ್ಟರಲ್ಲಿ ಬಾಗಿಲಲ್ಲಿ ಅರ್ಧ ಬೀದಿ ಸೇರಿತ್ತು. ದಫೇದಾರ ಎಲ್ಲರಿಂದಲೂ ಒಂದೊಂದು ಸಾಲು ಬರೆಸಿ ಅಕ್ಷರ ಹೋಲಿಸುತ್ತಿದ್ದ. ನನ್ನ ಸರದಿ ಬಂದಾಗ, ಗಾಯ ಮಾಯ್ದಿದ್ದ ಬಲಗೈಯಿಂದ ಬರೆದೆ. “ಮುತ್ತು ಪೋಣಿಸಿದ ಹಾಗಿದೆ. ನೀವಲ್ಲ,” ಎಂದು ಅವನು ಮೊದಲು ನನ್ನನ್ನೇ ಬಿಟ್ಟುಬಿಟ್ಟ.

“ಇದು ಎಡಗೈಲಿ ಬರೆದಿದ್ದು,” ಎಂದರು ಟೀಚರಮ್ಮ ಇದ್ದಕ್ಕಿದ್ದಂತೆ. “ಎಷ್ಟು ಮಕ್ಕಳ ಕಾಪಿ ತಿದ್ದಿದೀನಿ, ನನಗೆ ಗೊತ್ತಾಗಲ್ವಾ? ಅಕ್ಷರದ ಬೆನ್ನು ನೋಡಿ, ಯಾವ ಕಡೆ ಬಗ್ಗಿದೆ.”

ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀದಿಯಲ್ಲಿ ಎಡಗೈಯವನು ಒಬ್ಬನೇ.

“ಒಂದು ಬೆರಳಲ್ಲಿ ತೆಗೀತೀನಿ ಅಂತ ಅವತ್ತು ನನ್ನೆದುರಿಗೇ ಹೇಳಿದ್ದ,” ಎಂದ ಭಾಮೈದ. “ಸರಳಿಲ್ಲ ಅಂತಾನೂ ಲೆಕ್ಕ ಹಾಕಿದ್ದ. ಭಾವ, ಹೌದೋ ಅಲ್ವೋ?”

ಹೇಳಿದ್ದು ಹೌದು. ನಾನು ಬಾಯಿ ತೆರೆದೆ. ಅದು ಮತ್ತೆ ತಾನಾಗಿಯೇ ಮುಚ್ಚಿಕೊಂಡಿತು. ನಮ್ಮ ಮನೆಯಲ್ಲಿ ಆ ದಿನ ಅದುವರೆಗೆ ಸರಿಯಾಗಿ ಮುಚ್ಚಿಕೊಂಡದ್ದು ಅದೊಂದೇ.

ಮೇಸ್ತ್ರಿಯನ್ನು ಕರೆಸಿದರು. ಮೊಣಕೈವರೆಗೆ ಮರದ ಹೊಟ್ಟು ಮೆತ್ತಿಕೊಂಡು ಅವನು ಬಂದ. ಎಂದಿನಂತೆ ಚಪ್ಪಲಿ ಬಿಟ್ಟು ಒಳಗೆ ಕಾಲಿಡಲು ಹೋದಾಗ ಭಾಮೈದ ತೋಳು ಅಡ್ಡ ಹಿಡಿದ.

“ಅಲ್ಲೇ ನಿಲ್ಲಿ.”

ಮೇಸ್ತ್ರಿ ಹೊಸ್ತಿಲಾಚೆ ನಿಂತ. ದಫೇದಾರ ಚೀಟಿ ಓದಿ ಹೇಳಿದ. ಮೇಸ್ತ್ರಿ ಕೇಳಿಸಿಕೊಂಡು, “ನಾನು ಬರೆದಿದ್ದಲ್ಲ ಸಾಹೇಬ್ರೇ,” ಎಂದ. ಅಷ್ಟೇ. ಹೆಚ್ಚು ಮಾತಾಡುವ ಅಭ್ಯಾಸ ಅವನಿಗಿಲ್ಲ. ಮಾತಾಡದಿರುವುದೂ ಆ ದಿನ ಒಂದು ಸಾಕ್ಷಿಯಾಯಿತು.

ಟೀಚರಮ್ಮ ಮುಂದೆ ಬಂದರು. ಅವರ ಕಣ್ಣು ಅವನ ಮುಖವನ್ನು ನೋಡಲಿಲ್ಲ, ಸೊಂಟವನ್ನು ನೋಡಿತು.

“ತಪ್ಪು ತಿಳೀಬೇಡಪ್ಪ. ನಮ್ಮ ಮನೆ ಬೀಗದ ಕೈ ಕೊಟ್ಟಿರು. ಇದೆಲ್ಲ ಮುಗಿಯೋವರೆಗೆ.”

ಅವನು ದಾರ ಬಿಚ್ಚಿ ಒಂದು ಕೈಯನ್ನು ಕಳಚಿ ಕೊಟ್ಟ. ಅವರ ಹಿಂದೆಯೇ ದರ್ಜಿ ಬಂದ. “ನಂದೂ.” ಅದನ್ನೂ ಕೊಟ್ಟ. ಔಷಧಿ ಅಂಗಡಿಯವನು ಸುಮ್ಮನೆ ಅಂಗೈ ಚಾಚಿದ. ನಾಲ್ಕನೆಯ ಮನೆಯವರು ಊರಲ್ಲಿರಲಿಲ್ಲ. ಆ ಕೈಯನ್ನು ದಫೇದಾರನೇ ಇಸಿದುಕೊಂಡು ಜೇಬಿಗೆ ಹಾಕಿದ. ಮೇಸ್ತ್ರಿ ಬರಿಯ ದಾರವನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡ. ಗಂಟು ಹಾಕಲು ಅವನು ಎರಡು ಮೂರು ಸಲ ಪ್ರಯತ್ನಿಸಬೇಕಾಯಿತು.

“ಠಾಣೆಗೆ ಹೋಗೋಣ,” ಎಂದ ದಫೇದಾರ.

“ಅದನ್ನ ಬರೆದಿದ್ದು ನಾನು,” ಎಂದೆ.

ಎಲ್ಲರೂ ತಿರುಗಿದರು. ಟೀಚರಮ್ಮನ ಕಣ್ಣು ತುಂಬಿತು.

“ನೋಡಿ, ಎಂಥ ಮನಸ್ಸು. ಇನ್ನೊಬ್ಬರ ಮೇಲೆ ಬರೋದನ್ನ ತಮ್ಮ ತಲೆ ಮೇಲೆ ಎಳ್ಕೋತಿದಾರೆ.”

“ಭಾವ, ಕವಿತೆ ಓದಿ ಓದಿ ನೀವು ಹೀಗಾಗಿದೀರಿ,” ಎಂದ ಭಾಮೈದ. “ಇದು ಪೊಲೀಸ್ ಕೇಸು. ಇಲ್ಲಿ ಹೃದಯ ಗಿದಯ ತರಬೇಡಿ.”

“ನಾನೇ ಬರೆದಿದ್ದು. ರಿಪೇರಿ ಮಾಡುವಾಗ, ಜ್ಞಾಪಕಕ್ಕೆ.”

ದಫೇದಾರ ಪುಸ್ತಕದ ಹಿಂದಿನ ಹಾಳೆ ತಿರುಗಿಸಿದ. “ರಿಪೇರಿ ಆದ್ಮೇಲೆ ಕಲ್ಲಿನ ಹಾಗೆ ಕೂತಿತ್ತು ಅಂತ ನೀವೇ ಹೇಳಿಕೆ ಕೊಟ್ಟಿದೀರಿ. ಕಲ್ಲು ಹೀಗೆ ತೂಗಾಡುತ್ತಾ?”

“ಇಲ್ಲ.”

“ಅಂದ್ಮೇಲೆ ಯಾರೋ ಬಿಚ್ಚಿದಾರೆ.”

“ಯಾರೂ ಬಿಚ್ಚಿಲ್ಲ. ತಾನಾಗೇ ಬಿತ್ತು.”

“ಹೊಸ ಚಿಲಕ, ಆರೇ ದಿನಕ್ಕೆ, ತಾನಾಗೇ?” ದಫೇದಾರನ ದನಿಯಲ್ಲಿ ಅನುಕಂಪವಿತ್ತು. “ಯಜಮಾನ್ರೇ, ಅಷ್ಟು ಕೆಟ್ಟದಾಗಿ ಯಾರಾದ್ರೂ ಕೆಲಸ ಮಾಡ್ತಾರಾ?”

“ಮಾಡ್ತಾರೆ,” ಎಂದೆ.

“ಉಳಿದ ಚೀಟಿ ಎಲ್ಲಿ?”

“ಈಗ ತಾನೇ ನೀರಲ್ಲಿ ಕಿವುಚಿ ಹಾಕಿದೆ.”

“ಯಾಕೆ?”

“ಹೆದರಿ.”

“ತಪ್ಪು ಮಾಡದವರು ಯಾಕೆ ಹೆದರ್ತಾರೆ?”

“ಮಾಡಿದೀನಿ ಅಂತಾನೇ ಹೇಳ್ತಿದೀನಲ್ಲ.”

ದಫೇದಾರ ಬರೆದುಕೊಂಡು ಗಟ್ಟಿಯಾಗಿ ಓದಿದ: “ಮನೆಯ ಯಜಮಾನರು ಗಾಬರಿಯಿಂದ ಸಂಬಂಧವಿಲ್ಲದ ಮಾತಾಡುತ್ತಿದ್ದಾರೆ.”

ಎಡಗೈಯಲ್ಲಿ ಬರೆದು ತೋರಿಸುತ್ತೇನೆಂದೆ. ಕುರ್ಚಿ, ಮೇಜು, ಕಾಗದ ಬಂದವು. ಟೀಚರಮ್ಮ ಉಕ್ತಲೇಖನ ಹೇಳಿದರು, ಪ್ರತಿ ವಾಕ್ಯವನ್ನೂ ಎರಡೆರಡು ಸಲ. ಹನ್ನೊಂದು ಜನ ಸುತ್ತ ನಿಂತು ನೋಡುತ್ತಿದ್ದರು. ಅಂಜಿಕೆಯಿಂದ ನನ್ನ ಎಡಗೈ ಎಷ್ಟು ಎಚ್ಚರ ವಹಿಸಿತೆಂದರೆ, ಅದರ ಜನ್ಮದಲ್ಲಿ ಮೊದಲ ಬಾರಿಗೆ ಅಕ್ಷರಗಳು ದುಂಡಗೆ, ನೆಟ್ಟಗೆ, ತಲೆಬಾಚಿಕೊಂಡ ಮಕ್ಕಳ ಹಾಗೆ ಸಾಲಾಗಿ ನಿಂತವು.

“ಇದು ಲಗ್ನಪತ್ರಿಕೆ ಅಕ್ಷರ,” ಎಂದ ದಫೇದಾರ. “ಆ ಚೀಟಿ ಅಕ್ಷರ ಅಲ್ಲ. ನಡಿಯಪ್ಪ ಮೇಸ್ತ್ರಿ.”

ಜೀವಮಾನವೆಲ್ಲ ಸುಳ್ಳು ಹೇಳಿದಾಗ ನನ್ನನ್ನು ನಂಬಿದ ಜನ, ಒಂದು ನಿಜ ಹೇಳಿದಾಗ ನನ್ನನ್ನು ಸಂತನನ್ನಾಗಿ ಮಾಡಿ ಕೂರಿಸಿಬಿಟ್ಟರು. ಬಾಗಿಲಲ್ಲಿದ್ದ ದರ್ಜಿ ನನಗೆ ಕೈಯನ್ನೂ ಮುಗಿದ.

ಆಗ ಮೇಸ್ತ್ರಿ ಮಾತಾಡಿದ. “ಸಾಹೇಬ್ರೇ, ಹೋಗೋದಕ್ಕೆ ಮುಂಚೆ ಆ ಕಿಟಕಿ ಒಂದ್ಸಲ ನೋಡ್ಲಾ?”

“ಸಾಕ್ಷ್ಯ ಮುಟ್ಟಬಾರದು,” ಎಂದ ಭಾಮೈದ.

“ನೋಡ್ಲಿ ಬಿಡು,” ಎಂದಳು ನನ್ನ ಹೆಂಡತಿ. ಚೀಲ ಕಟ್ಟಿ ಮುಗಿಸಿ ಗೋಡೆಗೊರಗಿ ನಿಂತಿದ್ದವಳ ಕಣ್ಣು ಆಗಿನಿಂದಲೂ ನನ್ನ ಹೆಬ್ಬೆರಳಿನ ಮೇಲಿತ್ತು.

ಮೇಸ್ತ್ರಿ ಒಳಗೆ ಬಂದ. ಚಿಲಕವನ್ನು ಅವನು ಮುಟ್ಟಲೇ ಇಲ್ಲ. ಬಗ್ಗಿ, ಕೆಳಗಿನ ಕೀಲಿನ ಸ್ಕ್ರೂವಿಗೆ ಉಗುರು ಕೊಟ್ಟು ಎರಡು ಸುತ್ತು ತಿರುಗಿಸಿದ. ಅದು ಬೆಣ್ಣೆಯಿಂದ ಬಂದಂತೆ ಹೊರಗೆ ಬಂತು. ಅದರ ಹಿಂದೆ ತೂತಿನೊಳಗೆ ಕಂದು ಬಣ್ಣದ್ದೇನೋ ಕಂಡಿತು.

“ಹಳೇ ತೂತು ದೊಡ್ಡದಾದ್ರೆ ನಾವು ಬಿದಿರಿನ ಸೀಳು ಹೊಡೆದು ಅದರ ಮೇಲೆ ಸ್ಕ್ರೂ ಬಿಗೀತೀವಿ,” ಎಂದ, ಯಾರಿಗೂ ಅಲ್ಲದ ಹಾಗೆ. “ಇಲ್ಲಿ ಕಾಗದ ತುರುಕಿದಾರೆ. ಕಾಗದ ಎಷ್ಟು ದಿನ ಹಿಡಿಯುತ್ತೆ?”

ಮೊಳೆಯ ತುದಿಯಿಂದ ಅದನ್ನು ಮೀಟಿ ತೆಗೆದು, ಸುರುಳಿ ಬಿಡಿಸಿ, ಟೀಚರಮ್ಮನ ಕೈಗೆ ಕೊಟ್ಟ. ಅವರು ಅಭ್ಯಾಸಬಲದಿಂದ ಓದಿದರು.

“ಪೂರ್ವದ ಕಿಟಕಿ, ಕೆಳಗಿನ ಕೀಲು. ಪೂರ್ವದ ಕಿಟಕಿ, ಕೆಳಗಿನ ಕೀಲು. ಸ್ಕ್ರೂ ನಾಲ್ಕರಲ್ಲಿ ಒಂದು ಕೈಜಾರಿ ಎಲ್ಲೋ ಬಿತ್ತು. ಕೈಜಾರಿ ಎಲ್ಲೋ ಬಿತ್ತು. ಸಿಗಲಿಲ್ಲ. ಅವಳಿಗೆ ಹೇಳಬಾರದು.”

ಅದೇ ಕಾಗದ, ಅದೇ ಗಾಯಗೊಂಡ ಇರುವೆಗಳು, ಅದೇ ಟಿಂಕ್ಚರ್.

ಮೇಸ್ತ್ರಿ ಮೇಲಿನ ಕೀಲಿನಿಂದ ಇನ್ನೊಂದು ಚೀಟಿ ತೆಗೆದ. ಕೊಕ್ಕೆಯ ಹಿಂದಿನಿಂದ ಮತ್ತೊಂದು. ದಫೇದಾರ ಐದನೆಯದಕ್ಕೆ ಸಾಕೆಂದು ಕೈಯೆತ್ತಿದ. ಹನ್ನೊಂದು ಜನರ ಕಣ್ಣೆದುರೇ ಅವನು ಪುಸ್ತಕದ ಎರಡು ಹಾಳೆಗಳನ್ನು ಒಂದೊಂದೇ ಅಡ್ಡಗೆರೆ ಹಾಕಿ ಹೊಡೆದ.

“ಯಜಮಾನ್ರೇ,” ಎಂದ ಕೊನೆಗೆ, “ನಿಮ್ಮ ಮನೆಗೆ ಕಳ್ಳ ಬಂದಿದ್ರೆ ಇಷ್ಟು ಹಾಳಾಗ್ತಿರಲಿಲ್ಲ.” ಜೇಬಿನಲ್ಲಿದ್ದ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಭಾಮೈದ ಶಿರಸ್ತ್ರಾಣವನ್ನು ಕಣ್ಣಿನವರೆಗೆ ಎಳೆದುಕೊಂಡು ಅವನ ಹಿಂದೆಯೇ ನಡೆದ. ಹೆಂಡತಿ ಚೀಲದ ಗಂಟು ಬಿಚ್ಚಿದಳು.

“ಮೂವತ್ತೆಂಟು ವರ್ಷದಲ್ಲಿ ನನಗೆ ಹೇಳಬಾರದ್ದು ಅಂತ ನೀವು ಇಟ್ಕೊಂಡಿದ್ದು ಒಂದು ಸ್ಕ್ರೂನಾ,” ಎಂದಳು. “ಸದ್ಯ, ಬೇರೇನೂ ಅಲ್ವಲ್ಲ.”

ಬಾಗಿಲಲ್ಲಿದ್ದ ನಗು ಬೀದಿಯ ಕೊನೆಯವರೆಗೂ ಹೋಗಿ, ಅಲ್ಲಿದ್ದವರನ್ನು ಕರೆದುಕೊಂಡು ವಾಪಸು ಬಂತು. ಮೇಸ್ತ್ರಿ ಮಾತ್ರ ನಗಲಿಲ್ಲ. ಸ್ಕ್ರೂಗಳನ್ನು ಆರಿಸಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಕಿಟಕಿಯ ಎರಡು ಕದಗಳನ್ನೂ ಒಂದು ಹುರಿಯಿಂದ ಸೇರಿಸಿ ಕಟ್ಟಿದ. ಟೀಚರಮ್ಮ ಅವನೆದುರು ಬಂದು, ಓದುವುದಕ್ಕೆ ಏನೂ ಇಲ್ಲದೆ, ಬೀಗದ ಕೈಯನ್ನು ಚಾಚಿದರು. ದರ್ಜಿಯೂ ಔಷಧಿ ಅಂಗಡಿಯವನೂ ತಮ್ಮ ತಮ್ಮದನ್ನು ಮೇಜಿನ ಮೇಲೆ, ದಫೇದಾರನಿಟ್ಟಿದ್ದ ಕೈಯ ಪಕ್ಕದಲ್ಲಿ, ಸದ್ದಾಗದ ಹಾಗೆ ಇಟ್ಟರು.

“ಇವತ್ತು ಬೇಡಮ್ಮ,” ಎಂದ ಮೇಸ್ತ್ರಿ. “ಇವತ್ತು ದಾರ ಹಾಗೇ ಇರಲಿ.”

ಅವರು ಒಬ್ಬೊಬ್ಬರಾಗಿ ಹೊರಟುಹೋದರು. ಉಳಿದದ್ದು ನಾವು ಮೂವರು. ಕ್ಷಮೆ ಕೇಳಲು ನಾನು ತಕ್ಕ ಪದ ಹುಡುಕುತ್ತಿದ್ದೆ. ಇಷ್ಟು ವರ್ಷ ಇನ್ನೊಬ್ಬರ ಪದ ಹೊಡೆದುಹಾಕಿದವನಿಗೆ ತನ್ನದೊಂದು ಬೇಗ ಸಿಗಲಿಲ್ಲ. ಹೆಂಡತಿ ನನಗಾಗಿ ಕಾಯಲಿಲ್ಲ. ಗೋಡೆಯ ಮೊಳೆಯಿಂದ ನಮ್ಮ ಮುಂಬಾಗಿಲಿನ ಬೀಗದ ಕೈ ತೆಗೆದು ಅವನ ಮುಂದೆ ಹಿಡಿದಳು. ಆ ಕೈಯನ್ನು ನಾವು ಅದುವರೆಗೆ ಯಾರಿಗೂ ಕೊಟ್ಟಿರಲಿಲ್ಲ.

“ಬೇರೆಯವರದ್ದು ಬೇಡ ಅಂದ್ರೆ ಬಿಡಿ. ಇದನ್ನಾದ್ರೂ ಇಟ್ಕೊಳ್ಳಿ ಮೇಸ್ತ್ರಿ. ನಿಮಗೆ ಯಾವಾಗ ಬಿಡುವೋ ಆವಾಗ ಬಂದು ಮಾಡಿ.”

ಮೇಸ್ತ್ರಿ ಆ ಕೈಯನ್ನು ನೋಡಿದ. ಹುರಿಯಲ್ಲಿ ಕಟ್ಟಿದ್ದ ಕಿಟಕಿಯನ್ನು ನೋಡಿದ. ಆ ಬೆಳಗ್ಗೆ ಮೊದಲ ಸಲ ಅವನ ಮುಖದ ಒಂದು ಪಕ್ಕ ಸ್ವಲ್ಪ ಸಡಿಲಾಯಿತು.

“ನಿಮ್ಮ ಮನೆಗೆ ಬೀಗದ ಕೈ ಯಾಕಮ್ಮ? ಕಿಟಕಿ ಇದೆಯಲ್ಲ.”

ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನನ್ನನ್ನು ನೋಡಿದ. “ನಾಳೆ ಶನಿವಾರ ಸಾರ್. ಬರ್ತೀನಿ. ಅಲ್ಲೀವರೆಗೂ ಏನೂ ಮುಟ್ಟಬೇಡಿ.”

ಹೊರಗೆ ಹೋಗಿ ಬಾಗಿಲನ್ನು ಎಳೆದುಕೊಂಡ. ಇಪ್ಪತ್ತೆರಡು ವರ್ಷದ ಹಿಂದೆ ಅವನೇ ಕೂರಿಸಿದ್ದ ಬಾಗಿಲು. ಆರು ಕಿಟಕಿಗಳೂ ಒಮ್ಮೆ ನಡುಗಿದವು; ಅದು ಮಾತ್ರ ಒಂದು ಕೀಲೂ ಕಿರುಗುಟ್ಟದೆ ಹೋಗಿ ಚೌಕಟ್ಟಿನಲ್ಲಿ ಕೂತಿತು.